ಮೂರು ದಿನದ ರಜೆಯಲ್ಲಿ ನಿಮ್ಮ ಪಾಲು ಎಷ್ಟು?



ಶುಕ್ರವಾರ ಸರಕಾರಿ ರಜೆ, ಮರುದಿನ ಎರಡನೇ ಶನಿವಾರ, ಆಮೇಲೆ ಆದಿತ್ಯವಾರ. ಕ್ಯಾಲೆಂಡರಿನಲ್ಲಿ ಹೀಗೆ ಸಾಲಾಗಿ ಮೂರು ರಜೆ ಕಂಡರೆ ಮನೆಮಂದಿಗೆಲ್ಲ ಹಬ್ಬ. ಯಜಮಾನರಿಗೆ ಆಫೀಸಿಲ್ಲ, ಮಕ್ಕಳಿಗೆ ಶಾಲೆಯಿಲ್ಲ. ಗೃಹಿಣಿಗೆ? ಎರಡು ಸರದಿಯಲ್ಲಿ ತಿಂಡಿ, ಮಧ್ಯಾಹ್ನಕ್ಕೆ ವಿಶೇಷ ಅಡುಗೆ, ಸಂಜೆ ನೆಂಟರು. ಸೋಮವಾರ ಎಲ್ಲರೂ ಹೊರಟ ಮೇಲೆಯೇ ಅವಳಿಗೆ ಉಸಿರು!

ಈ ಸಲ ಹಾಗಾಗುವುದು ಬೇಡ. ದಿನಕ್ಕೆ ಎರಡು ಗಂಟೆ ನನ್ನದು ಎಂದು ಗುರುವಾರ ರಾತ್ರಿ ಊಟದ ಹೊತ್ತಿಗೇ ಹೇಳಿಬಿಡಿ. ಕೆಲಸ ಮುಗಿದ ಮೇಲೆ ಓದಿದರಾಯಿತು ಎಂದುಕೊಂಡರೆ ಆ ಸಮಯ ಬರುವುದೇ ಇಲ್ಲ. ಮನೆಗೆಲಸ ಮುಗಿಯಿತು ಎಂದು ಹೇಳಿದ ಹೆಂಗಸು ಯಾರಾದರೂ ಉಂಟಾ?

ಮೊದಲು ಓದು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಬಂದದ್ದು 1976ರಲ್ಲಿ. ನಿಮ್ಮೂರ ಗ್ರಂಥಾಲಯದಲ್ಲಿ ಕೇಳಿ ನೋಡಿ. ಬಾಲ್ಯದಲ್ಲೇ ವಿಧವೆಯಾದ ಮಲೆನಾಡಿನ ಹೆಣ್ಣೊಬ್ಬಳ ಕಥೆ. ಮನೆಯವರ ಬಾಣಂತನ, ಅಡುಗೆ, ಆರೈಕೆ ಎಲ್ಲದಕ್ಕೂ ಅವಳೇ ಬೇಕು. ಅವಳಿಗೇನು ಬೇಕು ಎಂದು ಕೇಳುವವರಿಲ್ಲ. ಆದರೂ ತನಗಾದದ್ದು ಇನ್ನೊಬ್ಬಳಿಗೆ ಆಗಬಾರದೆಂದು ಕಿರಿಯ ವಿಧವೆಯ ಪರವಾಗಿ ನಿಲ್ಲುತ್ತಾಳೆ. ಇದನ್ನು ಬರೆದ ಇಂದಿರಾ ಅವರಿಗೆ ಹನ್ನೆರಡನೆಯ ವಯಸ್ಸಿಗೇ ಮದುವೆಯಾಗಿತ್ತು, ಕಾದಂಬರಿ ಬರೆಯಲು ತೊಡಗಿದ್ದು ನಲವತ್ತೈದರ ಸುಮಾರಿಗೆ. ‘ಇನ್ನು ಈ ವಯಸ್ಸಿಗೆ ಎಂತ ಓದುವುದು’ ಎನ್ನುವವರು ಇದನ್ನು ನೆನಪಿಡಿ!

ಇನ್ನೊಂದು ಕಾದಂಬರಿ ಬೇಕೆಂದರೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಉಂಟು. ಕಾಸರಗೋಡಿನಲ್ಲಿ ಹುಟ್ಟಿ, ನಮ್ಮ ಮಂಗಳೂರಿನಲ್ಲಿ ಬಾಳಿ, 2023ರಲ್ಲಿ ತೀರಿಕೊಂಡ ಲೇಖಕಿ ಇವರು. ಅಪ್ಪನ ಹಟಕ್ಕೆ ಸಿಕ್ಕಿ ಗಂಡನಿಂದ ಬೇರೆಯಾಗುವ ನಾದಿರಾಳ ಬಾಳು ಇಲ್ಲಿದೆ. ಅವಳ ವಿಷಯದಲ್ಲಿ ಎಲ್ಲರೂ ನಿರ್ಧಾರ ಮಾಡುತ್ತಾರೆ, ಅವಳನ್ನು ಬಿಟ್ಟು.

ಇನ್ನು ನೋಡಲು. ಶನಿವಾರ ರಾತ್ರಿ ಮನೆಮಂದಿಯೆಲ್ಲ ಕೂತು ‘ಗುಲಾಬಿ ಟಾಕೀಸ್’ ನೋಡಿ. ವೈದೇಹಿಯವರ ಸಣ್ಣಕಥೆಯ ಎಳೆ ಹಿಡಿದು ಗಿರೀಶ್ ಕಾಸರವಳ್ಳಿ ಮಾಡಿದ ಚಿತ್ರ, 2008ರಲ್ಲಿ ತೆರೆಗೆ ಬಂತು. ಕುಂದಾಪುರದ ಕಡೆಯ ಸೂಲಗಿತ್ತಿ ಗುಲಾಬಿಗೆ ಸಿನಿಮಾದ ಹುಚ್ಚು. ಕಷ್ಟದ ಹೆರಿಗೆಯೊಂದನ್ನು ಮಾಡಿಸಿದ್ದಕ್ಕೆ ಬಣ್ಣದ ಟಿ.ವಿ. ಸಿಗುತ್ತದೆ. ಅಕ್ಕಪಕ್ಕದ ಹೆಂಗಸರು ಅವಳ ಗುಡಿಸಲಲ್ಲಿ ಸೇರಿ ನೋಡುತ್ತಾರೆ, ನಗುತ್ತಾರೆ, ತಮ್ಮ ಸಂಕಟ ಹೇಳಿಕೊಳ್ಳುತ್ತಾರೆ. ಊರಲ್ಲಿ ಜಾತಿ-ಧರ್ಮದ ಬಿರುಕು ದೊಡ್ಡದಾದಾಗ ಆ ಸ್ನೇಹ ಏನಾಯಿತು ಎಂಬುದೇ ಕಥೆ. ಗುಲಾಬಿಯಾದ ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಚಿತ್ರ ಮುಗಿದೊಡನೆ ಎದ್ದು ಹೋಗಬೇಡಿ. ನಿಮಗೆ ಏನನ್ನಿಸಿತು ಎಂದು ಮಕ್ಕಳನ್ನು ಕೇಳಿ.

ದೇಹಕ್ಕೂ ಸ್ವಲ್ಪ ಗಮನ ಬೇಡವೇ? ‘ಮನೆಗೆಲಸವೇ ವ್ಯಾಯಾಮ’ ಎನ್ನುತ್ತೀರಿ. ದೇಹ ಆಡುವುದು ಹೌದು, ಆದರೆ ಒಲೆಯ ಮುಂದೆ ನಿಂತು, ಬಗ್ಗಿ, ಸೊಂಟ ನೋಯಿಸಿಕೊಳ್ಳುವುದರಿಂದ ಉಸಿರಿಗೂ ಹೃದಯಕ್ಕೂ ಬೇಕಾದ ಒಂದೇ ಸಮನೆಯ ಚಟುವಟಿಕೆ ಸಿಗುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಿನ ನಡಿಗೆಯಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಮಾತಾಡಲು ಸಾಧ್ಯ, ಹಾಡಲು ಕಷ್ಟ ಎನ್ನುವಷ್ಟು ವೇಗ ಸಾಕು. ಮಂಗಳೂರಿನವರಿಗೆ ಕದ್ರಿ ಪಾರ್ಕ್ ಉಂಟು, ಬಾವುಟಗುಡ್ಡ ಉಂಟು. ಪಣಂಬೂರಿನ ಮರಳಿನಲ್ಲಿಯೂ ನಡೆಯಬಹುದು, ಆದರೆ ಮಳೆಗಾಲದಲ್ಲಿ ನೀರಿಗೆ ಇಳಿಯಬಾರದು. ಬೇರೆ ಊರಿನವರಿಗೆ ದೇವಸ್ಥಾನದ ದಾರಿಯೋ ಶಾಲೆಯ ಮೈದಾನವೋ ಇದ್ದೇ ಇರುತ್ತದೆ.

ಮಳೆ ಬಿಡದಿದ್ದರೆ ಮನೆಯೊಳಗೆ ಹೀಗೆ ಮಾಡಿ. ಗಟ್ಟಿ ಕುರ್ಚಿಯಲ್ಲಿ ಕೂತು, ಕೈ ಊರದೆ ಹತ್ತು ಸಲ ಎದ್ದು ಕೂರಿ. ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಹತ್ತು ಸಲ ನಿಲ್ಲಿ. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುವುದರಿಂದ ನಮ್ಮ ವಯಸ್ಸಿನವರಿಗೆ ಕಾಲಿನ ಬಲ ಮುಖ್ಯ. ಮಂಡಿನೋವು, ಬಿ.ಪಿ., ಹೃದಯದ ತೊಂದರೆ ಇರುವವರು ಡಾಕ್ಟರರನ್ನು ಕೇಳಿಯೇ ಶುರುಮಾಡಿ.

‘ಎಲ್ಲ ಸರಿ ಮಾರಾಯ್ತಿ, ಅಡುಗೆ ಯಾರು ಮಾಡುವುದು?’ ಎಂದು ಕೇಳ್ತೀರಾ? ಗುರುವಾರವೇ ಕಡಲೆ ನೆನೆಹಾಕಿ. ಶುಕ್ರವಾರ ಕಡಲೆ-ತೊಂಡೆಕಾಯಿ ಗಸಿ ಸ್ವಲ್ಪ ಹೆಚ್ಚೇ ಮಾಡಿ ಫ್ರಿಜ್ಜಿನಲ್ಲಿಡಿ. ಮರುದಿನ ಚೆನ್ನಾಗಿ ಕುದಿಸಿದರೆ ರುಚಿ ಇನ್ನೂ ಹೆಚ್ಚು. ಮೀನು-ಕೋಳಿ ತಿನ್ನುವವರಿಗೆ ಅಂಗಡಿಯ ರೊಟ್ಟಿ, ಕೋಳಿಗಸಿ. ರಾತ್ರಿಗೆ ಕುಚ್ಚಲಕ್ಕಿ ಗಂಜಿ, ತಿಮರೆ ಚಟ್ನಿ ಸಾಕು. ಗಂಜಿ ಬಡಿಸಲು, ಪಾತ್ರೆ ತೊಳೆಯಲು ಹೆಣ್ಣೇ ಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ, ಮಗನೂ ಕಲಿಯಲಿ.

ಮೊದಲ ದಿನ ಗೊಣಗಾಟ ಇರುತ್ತದೆ. ಉಪ್ಪಿನ ಡಬ್ಬಿ ಎಲ್ಲಿ ಎಂದು ಕೂಗುವವರಿರುತ್ತಾರೆ. ಪುಸ್ತಕದಿಂದ ತಲೆಯೆತ್ತದೆ ‘ಅಲ್ಲೇ ಉಂಟು, ಹುಡುಕಿ’ ಎನ್ನಿ. ಅಮ್ಮನಿಗೂ ರಜೆ ಇರುತ್ತದೆ ಎಂಬುದನ್ನು ಮಗಳು ನಿಮ್ಮ ಮನೆಯಲ್ಲೇ ನೋಡಿ ಕಲಿತರೆ, ನಾಳೆ ತನ್ನ ಮನೆಯಲ್ಲಿ ಅದನ್ನು ಕೇಳಿ ಪಡೆಯಲು ಅವಳಿಗೆ ಸಂಕೋಚವಾಗದು.