ಶ್ರೇಷ್ಠ ಬೌಲರನ ಒರೆಗಲ್ಲು

ಕಬ್ಬು, ತಂಬಾಕುಗಳ ಕೊಯ್ಲು ಮುಗಿದ ಮೇಲೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಬಯಲುಗಳಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಪಂದ್ಯಗಳು ಆರಂಭವಾಗುತ್ತವೆ. ಅಲ್ಲಿ ಹುಡುಗರ ಕಣ್ಣೆಲ್ಲ ದಾಂಡಿನ ಮೇಲೆ. ಬೌಲರನಿಂದ ಬಯಸುವುದು ಒಂದನ್ನೇ: ಓಟ ಬಿಟ್ಟುಕೊಡಬಾರದು. ಕೆಲವೇ ಓವರುಗಳ ಆಟಕ್ಕೆ ಈ ಲೆಕ್ಕ ಸಾಕು. ಇದೇ ಅಳತೆಗೋಲಿನಿಂದ ಟೆಸ್ಟ್ ಪಂದ್ಯದ ಬೌಲರನನ್ನು ಅಳೆಯಹೊರಟರೆ ಮಾತ್ರ ತೀರ್ಪು ದಾರಿ ತಪ್ಪುತ್ತದೆ. ಐದು ದಿನಗಳ ಆಟದಲ್ಲಿ ಎದುರಾಳಿಗಳ 20 ಹುದ್ದರಿಗಳನ್ನು ಉರುಳಿಸದೆ ಗೆಲುವು ಕೈಸೇರುವುದು ತೀರ ಅಪರೂಪ. ಓಟ ಉಳಿಸುವವನು ಸೋಲನ್ನು ಮುಂದೂಡಬಲ್ಲನೇ ಹೊರತು ಜಯವನ್ನು ತಂದುಕೊಡಲಾರ.

ಹಾಗಾದರೆ ಹೆಚ್ಚು ಹುದ್ದರಿ ಪಡೆದವನೇ ಹೆಚ್ಚಿನವನೆ? ಕರ್ನಾಟಕದ ಇಬ್ಬರು ಲೆಗ್ ಸ್ಪಿನ್ನರರನ್ನು ಜೊತೆಯಲ್ಲಿಟ್ಟು ನೋಡಬಹುದು. ಮೈಸೂರಿನಲ್ಲಿ ಜನಿಸಿದ ಬಿ. ಎಸ್. ಚಂದ್ರಶೇಖರ್ 58 ಟೆಸ್ಟುಗಳಲ್ಲಿ 242 ಹುದ್ದರಿ ಪಡೆದರು. ಬೆಂಗಳೂರಿನ ಅನಿಲ್ ಕುಂಬ್ಳೆ 132 ಟೆಸ್ಟುಗಳಲ್ಲಿ 619. ಮೊತ್ತದಲ್ಲಿ ಹೋಲಿಕೆಯೇ ಇಲ್ಲ. ಆದರೆ ಹುದ್ದರಿಯೊಂದಕ್ಕೆ ತೆತ್ತ ಓಟಗಳ ಸರಾಸರಿ ಚಂದ್ರಶೇಖರರದು 29.74, ಕುಂಬ್ಳೆಯವರದು 29.65. ಇಬ್ಬರಿಗೂ ಒಂದೊಂದು ಹುದ್ದರಿಗೆ ಸುಮಾರು 66 ಎಸೆತಗಳು ಬೇಕಾದವು. ಅಂಕಿಗಳನ್ನೇ ನಂಬುವುದಾದರೆ ಇವರಿಬ್ಬರೂ ಒಬ್ಬರೇ! ಆಟ ಕಂಡವರಿಗೆ ಗೊತ್ತು, ಇಷ್ಟು ಭಿನ್ನರಾದ ಇಬ್ಬರು ಸಿಗುವುದು ಕಷ್ಟ. ಕುಂಬ್ಳೆ ದಿನವಿಡೀ ಒಂದೇ ಜಾಗಕ್ಕೆ ಚೆಂಡಿಳಿಸಿ ದಾಂಡಿಗನ ತಾಳ್ಮೆಯನ್ನು ಸವೆಸುವವರು. ಚಂದ್ರಶೇಖರ್ ಕೆಲವೊಮ್ಮೆ ಓಟಗಳನ್ನು ಸೂರೆಗೊಟ್ಟು, ಮರುಗಳಿಗೆ ಎಂಥ ದಾಂಡಿಗನನ್ನೂ ಕಂಗೆಡಿಸುವವರು.

ಸರಾಸರಿ ಹೇಳದ ಸಂಗತಿಯನ್ನು 1971ರ ಆಗಸ್ಟಿನ ಓವಲ್ ಟೆಸ್ಟ್ ಹೇಳುತ್ತದೆ. ಮೊದಲ ಇನ್ನಿಂಗ್ಸಿನಲ್ಲಿ 71 ಓಟಗಳ ಮುನ್ನಡೆ ಪಡೆದಿದ್ದ ಇಂಗ್ಲೆಂಡ್ ಎರಡನೆಯದರಲ್ಲಿ 101ಕ್ಕೆ ಕುಸಿಯಿತು. ಚಂದ್ರಶೇಖರ್ 38 ಓಟಗಳಿಗೆ 6 ಹುದ್ದರಿ ಕಿತ್ತರು. ಇಂಗ್ಲೆಂಡಿನ ನೆಲದಲ್ಲಿ ಭಾರತ ಮೊದಲ ಬಾರಿಗೆ ಸರಣಿ ಗೆದ್ದಿತು. 1977-78ರ ಮೆಲ್ಬರ್ನ್ ಟೆಸ್ಟಿನಲ್ಲಿ ಎರಡೂ ಇನ್ನಿಂಗ್ಸುಗಳಲ್ಲಿ 52 ಓಟಗಳಿಗೆ 6 ಹುದ್ದರಿಯಂತೆ ಪಡೆದಾಗ ಆಸ್ಟ್ರೇಲಿಯದ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಜಯ ಸಂದಿತು. ಅವರು ಆಡಿ ಭಾರತ ಗೆದ್ದ 14 ಟೆಸ್ಟುಗಳಲ್ಲಿ ಅವರ ಪಾಲು 98 ಹುದ್ದರಿ. ಶ್ರೇಷ್ಠತೆಯನ್ನು ಇಲ್ಲಿಯೇ ಹುಡುಕಬೇಕು: ನೆಲ ಪರರದಾಗಿ, ಲೆಕ್ಕ ಪ್ರತಿಕೂಲವಾಗಿ ನಿಂತಾಗ ಹುದ್ದರಿ ಬಿದ್ದಿತೆ?

ಈ ಒರೆಗೆ ಹಚ್ಚಿದಾಗ ಕುಂಬ್ಳೆಯವರ ಮೇಲೆ ಒಂದು ಆಕ್ಷೇಪ ಏಳುತ್ತದೆ. ತವರಿನಲ್ಲಿ ಅವರ 350 ಹುದ್ದರಿಗಳು ತಲಾ 25 ಓಟಗಳಿಗಿಂತ ಅಗ್ಗವಾಗಿ ದೊರೆತರೆ, ಹೊರಗಿನ 269 ಹುದ್ದರಿಗಳಿಗೆ ತಲಾ 35ಕ್ಕೂ ಹೆಚ್ಚು ಓಟ ತೆರಬೇಕಾಯಿತು. ಆಕ್ಷೇಪ ಅರ್ಧ ನಿಜ. 1999ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಹತ್ತೂ ಹುದ್ದರಿಗಳನ್ನು 74 ಓಟಗಳಿಗೆ ಕಿತ್ತದ್ದು ತವರಿನ ದಿಲ್ಲಿಯಲ್ಲಿಯೇ. ಆದರೆ 2003-04ರ ಆಸ್ಟ್ರೇಲಿಯ ಪ್ರವಾಸದ ಮೂರೇ ಟೆಸ್ಟುಗಳಲ್ಲಿ 24 ಹುದ್ದರಿ ಪಡೆದುದನ್ನು ಆಕ್ಷೇಪಕರು ಮರೆಯುತ್ತಾರೆ. 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬಂದು ಲಾರಾ ಅವರ ಹುದ್ದರಿ ಪಡೆದುದನ್ನು ಯಾವ ಸರಾಸರಿಯೂ ಬೇರೆಯಾಗಿ ತೋರಿಸದು. ಆದರೂ ಕೊನೆಯ ದಿನ ಪರದೇಶದಲ್ಲಿ ಒಂದೇ ಇನ್ನಿಂಗ್ಸ್ ಉಳಿದಿದ್ದರೆ ಚೆಂಡು ಚಂದ್ರಶೇಖರರ ಕೈಗೆ ಹೋಗಬೇಕು. ಹತ್ತು ವರ್ಷ ತಂಡದ ಭಾರ ಹೊರುವುದಾದರೆ ಕುಂಬ್ಳೆಯವರಿಗೆ.

ಒಂದೇ ಹುದ್ದರಿಯಿಂದಲೂ ಯಾರೂ ದೊಡ್ಡ ಬೌಲರರಾಗುವುದಿಲ್ಲ. ಕಾಗವಾಡಕ್ಕೆ ಸಮೀಪದ ಸಾಂಗ್ಲಿಯಲ್ಲಿ ಜನಿಸಿದ ವಿಜಯ್ ಹಜಾರೆ 1947-48ರ ಪ್ರವಾಸದಲ್ಲಿ ಬ್ರಾಡ್ಮನ್ನರನ್ನು ಎರಡು ಸಲ ಬೌಲ್ಡ್ ಮಾಡಿದರು. ಹಜಾರೆ ದೊಡ್ಡ ದಾಂಡಿಗರೇ. ಟೆಸ್ಟುಗಳಲ್ಲಿ ಪಡೆದ ಒಟ್ಟು ಹುದ್ದರಿ ಮಾತ್ರ 20.

ಮೊತ್ತವು ಬಹುಮಟ್ಟಿಗೆ ಅವಕಾಶದ ಲೆಕ್ಕ. ಎರಪಳ್ಳಿ ಪ್ರಸನ್ನ 1962ರಲ್ಲಿ ಟೆಸ್ಟ್ ಪ್ರವೇಶಿಸಿ, ಇಂಜಿನಿಯರಿಂಗ್ ವ್ಯಾಸಂಗಕ್ಕಾಗಿ ಹಿಂದೆ ಸರಿದು, 1967ರಲ್ಲಿ ಮರಳಿದರು. ಐದು ವರ್ಷ ಹೋಯಿತು. ಆದರೂ 20 ಟೆಸ್ಟುಗಳಲ್ಲಿಯೇ 100 ಹುದ್ದರಿ ಪೂರೈಸಿದರು. ಅಂಥವರಿಗೆ 1971ರ ಇಂಗ್ಲೆಂಡ್ ಪ್ರವಾಸದಲ್ಲಿ ಒಂದೂ ಟೆಸ್ಟ್ ದೊರೆಯಲಿಲ್ಲ. ಒಟ್ಟು 189 ಎಂಬ ಸಂಖ್ಯೆಯಲ್ಲಿ ಇದೆಲ್ಲ ಕಾಣುವುದೆ? ಕಾಣದ ಇನ್ನೊಂದು ಋಣವೂ ಉಂಟು. ದಾಂಡಿನ ಬಳಿಯೇ ಬಾಗಿ ನಿಂತು 27 ಟೆಸ್ಟುಗಳಲ್ಲಿ 53 ಕ್ಯಾಚುಗಳನ್ನು ಹಿಡಿದ ಏಕನಾಥ ಸೋಲ್ಕರರಿಲ್ಲದಿದ್ದರೆ ಆ ಕಾಲದ ಸ್ಪಿನ್ನರರ ಎಷ್ಟೋ ಹುದ್ದರಿಗಳು ಬರಿಯ ಒಳ್ಳೆಯ ಎಸೆತಗಳಾಗಿಯೇ ಉಳಿಯುತ್ತಿದ್ದವು.

ಬೌಲರನನ್ನು ಅಳೆಯುವ ಈ ಪ್ರಶ್ನೆ ದೂರದ ಟೆಸ್ಟ್ ಅಂಗಣದ್ದು ಮಾತ್ರವಲ್ಲ. ಶಾಲೆಯ ತಂಡ ಆರಿಸುವಾಗ ಮೊದಲು ನೋಡುವುದು ಭುಜದ ಅಗಲವನ್ನು. ಚಂದ್ರಶೇಖರರ ಬಲಗೈ ಬಾಲ್ಯದಲ್ಲಿಯೇ ಪೋಲಿಯೋದಿಂದ ಕೃಶವಾಗಿತ್ತು. ಅಂಗಣದಿಂದ ಚೆಂಡನ್ನು ಹಿಂದಿರುಗಿಸಲು ಎಡಗೈ ಬಳಸುತ್ತಿದ್ದರು. ವೇಗದ ಗೂಗ್ಲಿ ಹೊರಟದ್ದು ಆ ಕೃಶವಾದ ಕೈಯಿಂದಲೇ. ಅಂಥ ತೋಳಿನ ಹುಡುಗನೊಬ್ಬ ಇಂದು ಆಯ್ಕೆಗೆ ಬಂದು ನಿಂತರೆ, ಒಂದು ಓವರನ್ನೂ ಕೊಡದೆ ಓಟಗಳ ಲೆಕ್ಕ ಬರೆಯಲು ಕೂರಿಸುವವರೇ ಹೆಚ್ಚು. 1964ರ ಜನವರಿಯಲ್ಲಿ ಮುಂಬಯಿಯಲ್ಲಿ ಇಂಗ್ಲೆಂಡಿನೆದುರು ಮೊದಲ ಟೆಸ್ಟ್ ಆಡಿದಾಗ ಚಂದ್ರಶೇಖರರಿಗೆ 19 ವರ್ಷ ತುಂಬಿರಲಿಲ್ಲ.