ಒಗೆದ ಮೇಲಿನ ಅಳತೆ

ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಲ್ಲಿ ಬಟ್ಟೆಯನ್ನು ಕತ್ತರಿಗೆ ಕೊಡುವ ಮೊದಲು ಒಂದು ಸಣ್ಣ ಪರೀಕ್ಷೆ ಇರುತ್ತದೆ. ತುಂಡೊಂದರ ಮೇಲೆ ಚೌಕದ ಗುರುತು ಹಾಕುತ್ತಾರೆ, ಒಗೆಯುತ್ತಾರೆ, ಒಣಗಿಸುತ್ತಾರೆ, ಆಮೇಲೆ ಅದೇ ಗುರುತನ್ನು ಮತ್ತೆ ಅಳೆಯುತ್ತಾರೆ. ಯಂತ್ರದಿಂದ ಇಳಿದಾಗ ಎಷ್ಟೇ ಮಟ್ಟಸವಾಗಿ ಕಂಡರೂ ಹೆಣೆದ ಬಟ್ಟೆಯ ನಿಜವಾದ ಅಳತೆ ನೀರು ಕಂಡ ಮೇಲಿನದ್ದು. ಇದೇ ಊರಿನ ಹೆಸರು ಹೊತ್ತ ಕ್ರಿಕೆಟ್ ತಂಡ ತಿರುಪ್ಪೂರ್ ತಮಿಳನ್ಸ್ 2025ರ ಜುಲೈ 6ರಂದು ದಿಂಡಿಗಲ್‌ನಲ್ಲಿ, ದಿಂಡಿಗಲ್ ತಂಡವನ್ನೇ 118 ರನ್‌ಗಳಿಂದ ಸೋಲಿಸಿ ತಮಿಳುನಾಡು ಪ್ರೀಮಿಯರ್ ಲೀಗ್ (ಟಿಎನ್‌ಪಿಎಲ್) ಗೆದ್ದಿತು. ಪಕ್ಕದ ಕೊಯಮತ್ತೂರಿನ ಕೋವೈ ಕಿಂಗ್ಸ್ 2022ರಲ್ಲಿ ಪ್ರಶಸ್ತಿಯನ್ನು ಹಂಚಿಕೊಂಡಿತ್ತು, 2023ರಲ್ಲಿ ಒಬ್ಬಂಟಿಯಾಗಿ ಗೆದ್ದಿತ್ತು, 2024ರಲ್ಲಿ ಫೈನಲ್ ತಲುಪಿತ್ತು. ನೂಲು ಮತ್ತು ಬಟ್ಟೆಯ ಈ ಎರಡು ಜಿಲ್ಲೆಗಳು ಕೆಲವು ವರ್ಷಗಳಿಂದ ಯುವ ಆಟಗಾರರ ಸಂತೆಯೂ ಆಗಿವೆ. ಆದರೆ ಬಟ್ಟೆಯನ್ನು ಒಗೆದು ಅಳೆಯುವ ನಾಡಿನಲ್ಲೇ ಹುಡುಗರನ್ನು ಮಾತ್ರ ಒಗೆಯುವ ಮೊದಲು ಅಳೆದು ಬೆಲೆ ಕಟ್ಟಲಾಗುತ್ತಿದೆ. ತಮಿಳುನಾಡಿನ ಮೇಲೆ ಮಾತ್ರ ಹೊರಿಸುವ ತಪ್ಪಲ್ಲ ಇದು. ನಮ್ಮ ಮಹಾರಾಜ ಟ್ರೋಫಿಯಲ್ಲೂ ಐಪಿಎಲ್‌ನಲ್ಲೂ ನಡೆಯುವುದು ಇದೇ.

ಕೋವೈ ಕಿಂಗ್ಸ್‌ನ ಒಂದೇ ಡ್ರೆಸಿಂಗ್ ರೂಮಿನಿಂದ ಹೊರಟ ಇಬ್ಬರ ಲೆಕ್ಕ ನೋಡಿ. 2022ರ ಫೆಬ್ರವರಿಯ ಐಪಿಎಲ್ ಹರಾಜಿನಲ್ಲಿ ತಂಡದ ನಾಯಕ ಶಾರುಖ್ ಖಾನ್‌ಗೆ ಪಂಜಾಬ್ ತಂಡ 9 ಕೋಟಿ ರೂಪಾಯಿ ಕೊಟ್ಟಿತು. ಅದರ ಹಿಂದಿನ ವರ್ಷವಷ್ಟೇ ಕೋವೈ ಪರ 358 ರನ್ ಹೊಡೆದಿದ್ದ ಇಪ್ಪತ್ತು ವರ್ಷದ ಸಾಯಿ ಸುದರ್ಶನ್ ಮೂಲ ಬೆಲೆಯಾದ 20 ಲಕ್ಷಕ್ಕೆ ಗುಜರಾತ್ ಪಾಲಾದರು. ನಲವತ್ತೈದು ಪಟ್ಟು ವ್ಯತ್ಯಾಸ. ಮರುವರ್ಷ ಟಿಎನ್‌ಪಿಎಲ್ ತನ್ನ ಮೊದಲ ಹರಾಜು ನಡೆಸಿದಾಗ ಕೋವೈ ತಂಡ ಅದೇ ಹುಡುಗನಿಗೆ 21.6 ಲಕ್ಷ ಕೊಟ್ಟಿತು. ರಾಜ್ಯದ ಲೀಗ್ ಕಟ್ಟಿದ ಬೆಲೆ ದೇಶದ ಲೀಗ್ ಕಟ್ಟಿದ್ದಕ್ಕಿಂತ ಹೆಚ್ಚಾಯಿತು! ಆಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಐಪಿಎಲ್‌ನಲ್ಲಿ ಸುದರ್ಶನ್ 2022ರಲ್ಲಿ 145, 2023ರಲ್ಲಿ 362, 2024ರಲ್ಲಿ 527, 2025ರಲ್ಲಿ 759 ರನ್ ಗಳಿಸಿದರು. ಕೊನೆಯದು ಆ ವರ್ಷದ ಅತಿ ಹೆಚ್ಚಿನ ಮೊತ್ತ. ಆಡಿದ ಪಂದ್ಯಗಳೂ ಹೆಚ್ಚಿದವು, ಹಾಗಾಗಿ ಬರೀ ರನ್ ನೋಡಿದರೆ ಪೂರ್ತಿ ಚಿತ್ರ ಸಿಗುವುದಿಲ್ಲ. ಇನ್ನೊಂದು ಸಾಲು ಹೆಚ್ಚು ಹೇಳುತ್ತದೆ. ನೂರು ಎಸೆತಕ್ಕೆ ಮೊದಲ ವರ್ಷ 127 ರನ್, ನಂತರದ ಎರಡು ವರ್ಷ 141ರ ಆಸುಪಾಸು, ನಾಲ್ಕನೇ ವರ್ಷ 156. ‘ಆಟವೇನೋ ಚೆನ್ನ, ಆದರೆ ನಿಧಾನ’ ಎಂಬ ದೂರು ಇದ್ದ ಆಟಗಾರ ಆ ದೂರಿಗೆ ತನ್ನ ಆಟದಲ್ಲೇ ಉತ್ತರ ಕೊಟ್ಟ. 2022ರ ಅಂಕಿಯಲ್ಲಿ ಕಾಣದೆ ಇದ್ದದ್ದು ಇದೇ: ಕೊರತೆಯೊಂದನ್ನು ತೋರಿಸಿಕೊಟ್ಟರೆ ಅದನ್ನು ತುಂಬಿಕೊಳ್ಳುವ ಕಸುವು. ಶಾರುಖ್ ವಿಷಯದಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಹತ್ತು ಎಸೆತ ಉಳಿದಾಗ ಕ್ರೀಸಿಗಿಳಿದು ಮೊದಲ ಚೆಂಡಿನಿಂದಲೇ ಬೀಸಬೇಕಾದ ಕೆಲಸ ಅವರದು. ಅಂಥ ಕೆಲಸದಲ್ಲಿ ಕಲಿಯಲು ಸಿಗುವ ಎಸೆತಗಳೇ ಕಡಿಮೆ. 9 ಕೋಟಿ ಬೆಲೆ ಕಟ್ಟಿದವರು ಅವರ ಪಾತ್ರಕ್ಕೆ ಕಟ್ಟಿದರೋ ಭವಿಷ್ಯಕ್ಕೆ ಕಟ್ಟಿದರೋ ಎಂಬುದು ಅವರಿಗೇ ಸ್ಪಷ್ಟವಿತ್ತೇ ಎನ್ನುವ ಅನುಮಾನ ನನಗಿದೆ.

ಈ ಲೆಕ್ಕದಲ್ಲಿ ಬೇರೆಯವರು ಎಷ್ಟು ಎಡವಿದ್ದಾರೆ ಎಂದು ತಿಳಿಯಲು ಕ್ರಿಕೆಟ್ಟಿನಿಂದ ಬಲು ದೂರದ ಆಟವೊಂದಕ್ಕೆ ಹೋಗಬೇಕು: ಐಸ್ ಹಾಕಿ. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್ ಪ್ರತಿ ವರ್ಷ ಹದಿನೆಂಟರ ಹರೆಯದ ಹುಡುಗರನ್ನು ಸರದಿಯ ಮೇಲೆ ಆಯ್ದುಕೊಳ್ಳುತ್ತದೆ. ಯಾರನ್ನು ಎಷ್ಟನೆಯವನಾಗಿ ಆರಿಸಿದರು, ಅವನು ಮುಂದೆ ಏನಾದ ಎಂಬುದೆಲ್ಲ ದಶಕಗಳಿಂದ ದಾಖಲಾಗಿದೆ. ಈ ಆಟದಲ್ಲಿ ‘ಸೆಂಟರ್’ ಎಂಬ ಸ್ಥಾನವನ್ನು ಅಳೆಯುವುದು ಎಲ್ಲಕ್ಕಿಂತ ಕಷ್ಟ. ಆಟ ಶುರುವಾಗುವಾಗ ರಬ್ಬರ್ ಬಿಲ್ಲೆಗಾಗಿ ಎದುರಾಳಿಯ ಮುಂದೆ ಬಾಗಿ ನಿಲ್ಲುವವನು ಅವನು, ಗೋಲು ಹೊಡೆಯಬೇಕಾದವನೂ ಅವನು, ಬಿಲ್ಲೆ ಕೈತಪ್ಪಿದಾಗ ತನ್ನ ಗೋಲಿನತ್ತ ಮೊದಲು ಓಡಿ ಬರಬೇಕಾದವನೂ ಅವನೇ. ಗೋಲು ಲೆಕ್ಕಕ್ಕೆ ಬರುತ್ತದೆ, ಹಿಂದಕ್ಕೆ ಓಡಿದ್ದು ಬರುವುದಿಲ್ಲ. ಹದಿನೇಳರಲ್ಲಿ ಮೈಕಟ್ಟು ಬೇಗ ತುಂಬಿದ ಹುಡುಗ ಗೋಲುಗಳ ಸುರಿಮಳೆ ಸುರಿಸಿದರೆ ಎಲ್ಲರೂ ಮರುಳಾಗುತ್ತಾರೆ. 1993ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಸೆಂಟರ್ ಅಲೆಕ್ಸಾಂಡರ್ ಡೇಗ್ಲ್‌ಗೆ ಒಟ್ಟಾವಾ ತಂಡ ಐದು ವರ್ಷಕ್ಕೆ 1.225 ಕೋಟಿ ಡಾಲರ್ ಕೊಟ್ಟಿತು. ಅವನು ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. ಎರಡನೆಯವನಾಗಿ ಹೋದ ಕ್ರಿಸ್ ಪ್ರಾಂಗರ್ ಮುಂದೆ ಹಾಕಿಯ ಗೌರವ ಭವನ ಸೇರಿದ. ಅಷ್ಟು ದೊಡ್ಡ ಒಪ್ಪಂದ ಕಂಡು ಬೆಚ್ಚಿದ ಲೀಗ್ ಆಮೇಲೆ ಹೊಸಬರ ಸಂಬಳಕ್ಕೆ ಮಿತಿಯನ್ನೇ ಹಾಕಿತು. 1999ರಲ್ಲಿ ಮೊದಲ ಸ್ಥಾನ ಪಾಟ್ರಿಕ್ ಸ್ಟೆಫಾನ್ ಎಂಬ ಸೆಂಟರ್‌ನದು, ಅವನೂ ದೊಡ್ಡ ಆಟಗಾರನಾಗಲಿಲ್ಲ. ಅದೇ ವರ್ಷ 210ನೆಯವನಾಗಿ ಉಳಿದ ಹೆನ್ರಿಕ್ ಜೆಟ್ಟರ್‌ಬರ್ಗ್ ಮತ್ತು ಹಿಂದಿನ ವರ್ಷ 171ನೆಯವನಾಗಿದ್ದ ಪಾವೆಲ್ ದತ್ಸ್ಯುಕ್ ಸೇರಿ ಡೆಟ್ರಾಯಿಟ್‌ಗೆ 2008ರ ಸ್ಟ್ಯಾನ್ಲಿ ಕಪ್ ತಂದುಕೊಟ್ಟರು. ರಕ್ಷಣೆಯಲ್ಲೂ ನಿಪುಣನಾದ ಮುನ್ನಡೆ ಆಟಗಾರನಿಗೆ ಕೊಡುವ ಸೆಲ್ಕಿ ಪ್ರಶಸ್ತಿ ದತ್ಸ್ಯುಕ್‌ಗೆ ಸತತ ಮೂರು ವರ್ಷ ಬಂತು. ಅಂದರೆ, ಹದಿಹರೆಯದಲ್ಲಿ ಯಾರೂ ಎಣಿಸದೆ ಬಿಟ್ಟಿದ್ದ ಆ ಹಿಂದೋಟದ ಕೆಲಸಕ್ಕೇ ಪ್ರಶಸ್ತಿ.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯನ್ನು ನಾವು ಧಾರಾಳವಾಗಿ ಬಳಸುತ್ತೇವೆ. ಮೊಳಕೆ ಯಾವ ದಿನ ಬಿತ್ತಿದ್ದು ಎಂದು ಮಾತ್ರ ಕೇಳುವುದಿಲ್ಲ. 1985ರಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು ಕೆನಡಾದ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಜೋಡಿಸಿ ನೋಡಿದಾಗ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರು ಲೆಕ್ಕಕ್ಕಿಂತ ಬಹಳ ಹೆಚ್ಚಿದ್ದರು. ಅಲ್ಲಿ ವಯೋಮಿತಿ ಎಣಿಸುವುದು ಜನವರಿ 1ರಿಂದ. ಜನವರಿಯ ಹುಡುಗ ಡಿಸೆಂಬರಿನವನಿಗಿಂತ ಹನ್ನೊಂದು ತಿಂಗಳು ದೊಡ್ಡವನು, ಹತ್ತರ ವಯಸ್ಸಿನಲ್ಲಿ ಅದು ಕಣ್ಣಿಗೆ ಕಾಣುವಷ್ಟು ಎತ್ತರ. ಎತ್ತರದವನನ್ನು ಆರಿಸುತ್ತಾರೆ, ಆರಿಸಿದವನಿಗೆ ಒಳ್ಳೆಯ ತರಬೇತಿ ಸಿಗುತ್ತದೆ, ತರಬೇತಿಯಿಂದ ಅವನು ನಿಜಕ್ಕೂ ಉತ್ತಮನಾಗುತ್ತಾನೆ. ಆಗ ‘ನೋಡಿ, ನಾವು ಹೇಳಿರಲಿಲ್ಲವೇ’ ಎಂದು ಆಯ್ಕೆದಾರರು ಬೆನ್ನು ತಟ್ಟಿಕೊಳ್ಳುತ್ತಾರೆ. ನಮ್ಮಲ್ಲಿ ಬಿಸಿಸಿಐ ವಯೋಮಿತಿಗೆ ಸೆಪ್ಟೆಂಬರ್ 1ನ್ನು ಗೆರೆಯಾಗಿ ಹಿಡಿಯುತ್ತದೆ. ಗೆರೆ ಯಾವ ತಾರೀಖಿನದಾದರೂ ಅದರ ಆಚೀಚೆ ನಡೆಯುವುದು ಇದೇ. ಇದರ ಮೇಲೆ ಸುಳ್ಳು ಜನನ ಪ್ರಮಾಣಪತ್ರದ ಪಿಡುಗು ಬೇರೆ. 2015ರ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ರಾಹುಲ್ ದ್ರಾವಿಡ್ ಇದನ್ನು ಎತ್ತಿ ಆಡಿದ್ದರು. ಇನ್ನು ಲೀಗುಗಳ ಲೆಕ್ಕವಂತೂ ಇನ್ನೂ ತೆಳು. ಟಿಎನ್‌ಪಿಎಲ್‌ನಲ್ಲಿ ಎಂಟು ತಂಡ, ಲೀಗ್ ಹಂತದಲ್ಲಿ ಒಂದೊಂದಕ್ಕೆ ಏಳೇ ಪಂದ್ಯ. ಒಂದು ಕ್ಯಾಚ್ ಕೈಬಿಟ್ಟರೆ, ಒಂದು ಸಂಜೆ ಇಬ್ಬನಿ ಬಿದ್ದು ಚೆಂಡು ಜಾರಿದರೆ, ಒಬ್ಬ ಬ್ಯಾಟರ್‌ನ ಇಡೀ ವರ್ಷದ ಸರಾಸರಿ ಬದಲಾಗುತ್ತದೆ. ಏಳು ಪಂದ್ಯದಿಂದ ಏಳು ವರ್ಷದ ಭವಿಷ್ಯ ಹೇಳುವವರಿಗಿಂತ ಗಿಳಿಶಾಸ್ತ್ರದವನೇ ವಾಸಿ. ಅವನು ತನ್ನ ಮಾತಿಗೆ ಕೋಟಿ ಕೇಳುವುದಿಲ್ಲ.

ವರುಣ್ ಚಕ್ರವರ್ತಿಯ ಕಥೆಯಲ್ಲಿ ಈ ಸಂತೆಯ ಎಲ್ಲ ತಪ್ಪುಗಳೂ ಒಟ್ಟಿಗೆ ಸಿಗುತ್ತವೆ. ಬೀದರ್‌ನಲ್ಲಿ ಹುಟ್ಟಿ ತಮಿಳುನಾಡಿನಲ್ಲಿ ಬೆಳೆದ ಅವರು ಹದಿನೇಳರವರೆಗೆ ವಿಕೆಟ್ ಕೀಪರ್, ವಯೋಮಿತಿ ತಂಡಗಳಿಗೆ ಬೇಡವಾದವರು. ಆಟ ಬಿಟ್ಟು ವಾಸ್ತುಶಿಲ್ಪ ಓದಿದರು, ಕೆಲಸ ಮಾಡಿದರು, ಇಪ್ಪತ್ತೈದರ ಆಸುಪಾಸಿನಲ್ಲಿ ವೇಗದ ಬೌಲರ್ ಆಗಿ ಮರಳಿದರು, ಮಂಡಿ ಕೈಕೊಟ್ಟಾಗ ಸ್ಪಿನ್ ಹಿಡಿದರು. 2018ರ ಟಿಎನ್‌ಪಿಎಲ್‌ನಲ್ಲಿ ಮದುರೆಯ ಪರ ಮಿಂಚಿ, ವಿಜಯ್ ಹಜಾರೆ ಟ್ರೋಫಿಯಲ್ಲಿ 22 ವಿಕೆಟ್ ಕಿತ್ತ ಕೂಡಲೇ ಪಂಜಾಬ್ 8.4 ಕೋಟಿ ಸುರಿಯಿತು. 2019ರಲ್ಲಿ ಆಡಿದ್ದು ಒಂದೇ ಪಂದ್ಯ, ಅದರ ಮೊದಲ ಓವರಿನಲ್ಲೇ 25 ರನ್ ಹೋಯಿತು. ಮುಂದಿನ ಹರಾಜಿನಲ್ಲಿ ಬೆಲೆ 4 ಕೋಟಿಗೆ ಇಳಿಯಿತು. 2021ರ ಟಿ20 ವಿಶ್ವಕಪ್‌ನಲ್ಲಿ ವಿಕೆಟ್ ಸಿಗಲಿಲ್ಲ, ಮೂರು ವರ್ಷ ಭಾರತ ತಂಡದ ಬಾಗಿಲು ಮುಚ್ಚಿತು. ಏಕದಿನ ಪಂದ್ಯಕ್ಕೆ ಕಾಲಿಟ್ಟಾಗ ವಯಸ್ಸು 33. ಅದಾಗಿ ಕೆಲವೇ ವಾರಗಳಲ್ಲಿ 2025ರ ಚಾಂಪಿಯನ್ಸ್ ಟ್ರೋಫಿಯ ಮೂರು ಪಂದ್ಯಗಳಲ್ಲಿ ಒಂಬತ್ತು ವಿಕೆಟ್. ಬೇಡವೆಂದದ್ದು ತಪ್ಪು, ಒಂದು ಋತು ನೋಡಿ 8.4 ಕೋಟಿ ಎಂದದ್ದೂ ಅವಸರ, ಒಂದು ಓವರ್ ನೋಡಿ ಕೈಬಿಟ್ಟದ್ದೂ ಅವಸರ. ಬಟ್ಟೆ ಮಾತ್ರ ಒಗೆತಕ್ಕೆ ತಡೆಯಿತು. ಸೇಲಂ ಜಿಲ್ಲೆಯ ಚಿನ್ನಪ್ಪಂಪಟ್ಟಿಯ ಟಿ. ನಟರಾಜನ್ ಅವರದೂ ಇಂಥದ್ದೇ ದಾರಿ. ರಣಜಿಗೆ ಬಂದ ಹೊಸದರಲ್ಲೇ ಬೌಲಿಂಗ್ ಶೈಲಿಯ ಮೇಲೆ ಸಂಶಯ ಬಂದಾಗ ತೋಳಿನ ಚಲನೆಯನ್ನೇ ತಿದ್ದಿಕೊಂಡು ಮರಳಿ, 2021ರ ಜನವರಿಯಲ್ಲಿ ಬ್ರಿಸ್ಬೇನ್‌ನಲ್ಲಿ ಟೆಸ್ಟ್ ಆಡಿದರು.

ಇಲ್ಲಿ ಚುರುಕಾದ ಓದುಗರು ತಡೆದು ಕೇಳುತ್ತಾರೆ: ನಿಮಗೆ ಬೇಕಾದವರನ್ನಷ್ಟೇ ಹೆಕ್ಕಿ ತೋರಿಸುತ್ತಿದ್ದೀರಿ, 171ನೆಯವನಾಗಿ ಆಯ್ಕೆಯಾಗಿ ಹೇಳಹೆಸರಿಲ್ಲದೆ ಹೋದವರೆಷ್ಟು? ಈ ಆಕ್ಷೇಪ ಸರಿಯಾಗಿದೆ, ಇದನ್ನು ತೇಲಿಸಿಬಿಡಬಾರದು. ಹಾಕಿಯಲ್ಲೂ ಒಟ್ಟಾರೆ ನೋಡಿದರೆ ಮೊದಲು ಆಯ್ಕೆಯಾದವರೇ ಹೆಚ್ಚು ಕಾಲ ಆಡುತ್ತಾರೆ. ಹಿಂದುಳಿದವರೆಲ್ಲ ದತ್ಸ್ಯುಕ್‌ಗಳಲ್ಲ, ಬಿಟ್ಟುಹೋದವರೆಲ್ಲ ವರುಣ್‌ಗಳಲ್ಲ. ಆಯ್ಕೆದಾರರಿಗೆ ಕಣ್ಣಿಲ್ಲ ಎಂದು ನಾನು ಹೇಳುತ್ತಿಲ್ಲ. ಆ ಕಣ್ಣು ಹದಿನೆಂಟರ ಹುಡುಗನಲ್ಲಿ ಇಂದಿನದನ್ನು ಚೆನ್ನಾಗಿ ನೋಡುತ್ತದೆ, ನಾಳೆಯದನ್ನು ಮಸುಕಾಗಿ ನೋಡುತ್ತದೆ. ಮಸುಕಾಗಿ ಕಂಡದ್ದರ ಮೇಲೆ ಕೊನೆಯ ತೀರ್ಪು ಬರೆಯಬಾರದು ಎಂಬುದಷ್ಟೇ ವಾದ. ಸಚಿನ್ ಹದಿನಾರಕ್ಕೇ ಟೆಸ್ಟ್ ಆಡಲಿಲ್ಲವೇ, ಹದಿಮೂರರಲ್ಲಿ 1.10 ಕೋಟಿಗೆ ಹೋದ ವೈಭವ್ ಸೂರ್ಯವಂಶಿ ಹದಿನಾಲ್ಕರಲ್ಲಿ 35 ಎಸೆತದ ಶತಕ ಹೊಡೆಯಲಿಲ್ಲವೇ ಎಂದೂ ಕೇಳಬಹುದು. ಹೊಡೆದ. ಅಂಥವರನ್ನು ಗುರುತಿಸಲು ಆಯ್ಕೆದಾರರೇ ಬೇಕಿಲ್ಲ, ಮೈದಾನದ ಆಚೆ ಕಡಲೆಕಾಯಿ ಮಾರುವವರಿಗೂ ಗೊತ್ತಾಗುತ್ತದೆ. ಆಯ್ಕೆಯ ಜಾಣತನಕ್ಕೆ ಪರೀಕ್ಷೆ ಇರುವುದು ಅವರ ಕೆಳಗಿನ ನೂರಾರು ಹುಡುಗರಲ್ಲಿ. ತಂಡದ ಮಾಲೀಕರು ಹಣ ಹಾಕಿರುವುದು ಈ ವರ್ಷ ಗೆಲ್ಲಲು, ಅವರೇಕೆ ಕಾಯಬೇಕು ಎಂಬ ಮಾತೂ ಇದೆ. ಮಾಲೀಕರು ಕಾಯಬೇಕಿಲ್ಲ. ಆದರೆ ರಾಜ್ಯ ಸಂಸ್ಥೆಯ ಕೆಲಸ ಬೇರೆ. ಲೀಗಿನ ಹರಾಜಿನ ಬೆಲೆಯನ್ನೇ ಆಯ್ಕೆ ಸಮಿತಿಯೂ ಓದಲು ತೊಡಗಿದರೆ ಕಾಯುವವರು ಯಾರೂ ಉಳಿಯುವುದಿಲ್ಲ.

ಹಾಗಾದರೆ ಏನನ್ನು ನೋಡಬೇಕು? ರನ್ನಿನ ಮೊತ್ತವನ್ನಲ್ಲ, ಒಂದು ವರ್ಷಕ್ಕೂ ಮುಂದಿನ ವರ್ಷಕ್ಕೂ ನಡುವೆ ಆಟದಲ್ಲಿ ಏನು ಬದಲಾಯಿತು ಎಂಬುದನ್ನು. ಕಳೆದ ಬಾರಿ ಯಾವ ಎಸೆತಕ್ಕೆ ಔಟಾದನೋ ಅದಕ್ಕೆ ಈ ಬಾರಿ ಅವನ ಕಾಲು ಎಲ್ಲಿ ಹೋಗುತ್ತದೆ ಎಂಬುದನ್ನು. ಸುದರ್ಶನ್ 2025ರ ಜೂನ್‌ನಲ್ಲಿ ಲೀಡ್ಸ್‌ನಲ್ಲಿ ಮೊದಲ ಟೆಸ್ಟ್ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾದರು, ಎರಡನೆಯದರಲ್ಲಿ 30 ಹೊಡೆದು ತಂಡದಿಂದ ಹೊರಬಿದ್ದರು, ಮ್ಯಾಂಚೆಸ್ಟರ್‌ನಲ್ಲಿ ಮರಳಿ 61 ಗಳಿಸಿದರು. ಅವರ ಬಗ್ಗೆ 759ಕ್ಕಿಂತ ಈ ಸೊನ್ನೆ ಮತ್ತು 61ರ ನಡುವಿನ ವಾರಗಳು ಹೆಚ್ಚು ತಿಳಿಸುತ್ತವೆ. ತಿರುಪ್ಪೂರಿನ ತುಷಾರ್ ರಹೇಜಾ 2025ರ ಟಿಎನ್‌ಪಿಎಲ್‌ನಲ್ಲಿ 488 ರನ್ ಹೊಡೆದು ಎಲ್ಲರಿಗಿಂತ ಮುಂದಿದ್ದರು, ಫೈನಲ್‌ನಲ್ಲಿ 77. ಅದು ಒಗೆಯುವ ಮೊದಲಿನ ಅಳತೆ. ಬೌಲರ್‌ಗಳು ಅವರ ಆಟ ಓದಿಕೊಂಡು ಬಂದ ಮೇಲಿನ ರನ್ನುಗಳನ್ನು ನೋಡಿ ಮಾತಾಡೋಣ. ನಮ್ಮವರೇ ಆದ ಪ್ರಖರ್ ಚತುರ್ವೇದಿ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ, ಮುಂಬೈ ವಿರುದ್ಧದ ಕೂಚ್ ಬಿಹಾರ್ ಫೈನಲ್‌ನಲ್ಲಿ 638 ಎಸೆತ ಎದುರಿಸಿ ಅಜೇಯ 404 ಗಳಿಸಿದಾಗಲೂ ಇದೇ ಮಾತು. ಆ ಇನಿಂಗ್ಸ್ ತಾಳ್ಮೆಗೆ ಸಾಕ್ಷಿ, ಭವಿಷ್ಯಕ್ಕೆ ಜಾಮೀನಲ್ಲ, ಹಾಗೆಂದು ಅವನು ನಾಲ್ಕು ಪಂದ್ಯ ಸೋತ ಕೂಡಲೇ ಮರೆಯುವುದಕ್ಕೆ ನೆಪವೂ ಅಲ್ಲ. 2010ರ ಹತ್ತೊಂಬತ್ತರೊಳಗಿನ ವಿಶ್ವಕಪ್ ತಂಡದಲ್ಲಿ ಕೆ.ಎಲ್. ರಾಹುಲ್ ಮತ್ತು ಮಯಂಕ್ ಅಗರ್ವಾಲ್ ಜತೆಗೇ ಇದ್ದರು. ಆ ಟೂರ್ನಿಯಲ್ಲಿ ಭಾರತದ ಪರ ಹೆಚ್ಚು ರನ್ ಹೊಡೆದವರು ಮಯಂಕ್. ಟೆಸ್ಟ್ ಟೋಪಿ ರಾಹುಲ್‌ಗೆ 2014ರಲ್ಲೇ ಸಿಕ್ಕಿತು, ಮಯಂಕ್‌ಗೆ 2018ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಆ ನಡುವೆ ಕರ್ನಾಟಕ ಅವರನ್ನು ಆಡಿಸುತ್ತಿದ್ದುದರಿಂದಲೇ 2017ರ ನವೆಂಬರ್‌ನಲ್ಲಿ ಅಜೇಯ 304ನ್ನೂ ಒಳಗೊಂಡು ಸಾವಿರ ದಾಟಿದ ರನ್ನುಗಳು ಬಂದವು.

ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಗೆ ಒಂದು ಮನವಿ. 2022ರಿಂದ ಆರು ತಂಡಗಳೊಡನೆ ನಡೆಯುತ್ತಿರುವ ಮಹಾರಾಜ ಟ್ರೋಫಿಯಲ್ಲಿ ಪ್ರತಿ ತಂಡವೂ ಎರಡೆರಡು ಸ್ಥಾನಗಳನ್ನು ಇಪ್ಪತ್ತೆರಡು ದಾಟಿದ, ಯಾವ ವಯೋಮಿತಿ ತಂಡದಲ್ಲೂ ರಾಜ್ಯದ ಪರ ಆಡದ ಆಟಗಾರರಿಗೆ ಮೀಸಲಿಡಲಿ. ಹನ್ನೆರಡು ಸ್ಥಾನ, ಅಷ್ಟೇ. ಅವರನ್ನು ಬೆಂಗಳೂರಿಗೆ ಕರೆಸದೆ ಜಿಲ್ಲೆಗಳಲ್ಲೇ ಬಹಿರಂಗವಾಗಿ ನೋಡಿ ಆರಿಸಲಿ, ಆರಿಸಿದವರನ್ನು ಕನಿಷ್ಠ ಎರಡು ಋತು ಇಟ್ಟುಕೊಳ್ಳಲಿ. ಮೊದಲ ಆಯ್ಕೆ ಶಿಬಿರ ಬೀದರ್‌ನಲ್ಲಿ ನಡೆಯಲಿ.