ರಗ್ಗಿನೊಳಗಿನ ಕಂದ

ನಮ್ಮ ಕಡೆ ಬಾಣಂತಿ ಮನೆಗೆ ಹೋದರೆ ಮೊದಲು ಕೂಸನ್ನು ಹುಡುಕಬೇಕು. ತಲೆಗೆ ಕುಲಾವಿ, ಕಾಲಿಗೆ ಉಲ್ಲನ್ ಚೀಲ, ಮೈಗೆ ಎರಡು ಸುತ್ತು ಬಟ್ಟೆ, ಅದರ ಮೇಲೆ ದೊಡ್ಡವರು ಹೊದೆಯುವ ರಗ್ಗು. ಮುಚ್ಚಿದ ಕಿಟಕಿ, ಸಾಂಬ್ರಾಣಿ ಹೊಗೆ ಬೇರೆ. ಇದೆಲ್ಲ ನಡೆಯುವುದು ಹಿಮಾಲಯದ ತಪ್ಪಲಿನಲ್ಲಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ. ಧನುರ್ಮಾಸದ ಬೆಳಗಿನ ಜಾವ ಬಿಟ್ಟರೆ ವರ್ಷದ ಬಹುಪಾಲು ರಾತ್ರಿ ಫ್ಯಾನಿಲ್ಲದೆ ನಮಗೇ ನಿದ್ದೆ ಬಾರದ ಊರುಗಳಿವು.

ಇದು ಪ್ರೀತಿಯೇ, ಸಂಶಯವಿಲ್ಲ. ಆದರೆ ಅಪಾಯದ ಪ್ರೀತಿ. ಮೂರು ತಿಂಗಳ ಕೂಸಿನ ಮುಖದ ಮೇಲೆ ರಗ್ಗು ಸರಿದರೆ ಅದನ್ನು ತೆಗೆದುಹಾಕುವ ಶಕ್ತಿ ಆ ಪುಟ್ಟ ಕೈಗಳಿಗಿಲ್ಲ. ಮೈ ಅತಿಯಾಗಿ ಕಾದರೂ ಅದಕ್ಕೆ ಹೇಳಲು ಬಾರದು.

ಇದನ್ನು ಹೇಳಿದ ಕೂಡಲೇ ಉತ್ತರ ಸಿದ್ಧವಾಗಿರುತ್ತದೆ: "ನಾವೆಲ್ಲ ಇಂಗೇ ಬೆಳೀಲಿಲ್ವಾ ಮೇಡಂ?" ಬೆಳೆದವರು ಬೆಳೆದೆವು, ನಿಜ. ಬೆಳೆಯದೇ ಹೋದವರು ಬಂದು ಉತ್ತರ ಕೊಡುವುದಿಲ್ಲವಲ್ಲ! ರಾತ್ರಿ ಚೆನ್ನಾಗಿದ್ದ ಕೂಸು ಬೆಳಿಗ್ಗೆ ಏಳದಿದ್ದರೆ ಹಿಂದೆ ಬಾಲಗ್ರಹವೆಂದರು, ದೃಷ್ಟಿಯೆಂದರು. ಹೊದಿಕೆಯನ್ನು ಯಾರೂ ಅನುಮಾನಿಸಲಿಲ್ಲ.

ಅಮೆರಿಕದಲ್ಲಿ 1994ರಲ್ಲಿ ಕೂಸುಗಳನ್ನು ಅಂಗಾತ ಮಲಗಿಸಿರೆಂದು ಆಂದೋಲನ ಶುರುವಾಯಿತು. ನಂತರದ ವರ್ಷಗಳಲ್ಲಿ ನಿದ್ದೆಯಲ್ಲಿನ ಹಠಾತ್ ಸಾವುಗಳು ಸುಮಾರು ಅರ್ಧಕ್ಕಿಳಿದವು. ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಮತ್ತೆ ಸ್ಪಷ್ಟವಾಗಿ ಹೇಳಿತು: ಕೂಸು ಮಲಗುವಲ್ಲಿ ದಿಂಬು, ಸಡಿಲ ಹೊದಿಕೆ ಬೇಡ, ಬೆಚ್ಚಗಿಡಬೇಕಾದರೆ ತೊಡಿಸುವ ಹೊದಿಕೆ ಸಾಕು, ತೂಕ ತುಂಬಿದ ಹೊದಿಕೆ ಬೇಡವೇ ಬೇಡ.

ತೊಡಿಸುವ ಹೊದಿಕೆಯೆಂದರೆ ತೋಳಿಲ್ಲದ ಅಂಗಿಯ ಕೆಳಗೆ ಚೀಲ ಹೊಲಿದಂತೆ, ಅಷ್ಟೇ. ಮುಖದ ಮೇಲೆ ಸರಿಯದು, ಒದ್ದರೂ ಬೀಳದು. ರಾತ್ರಿ ನಾಲ್ಕು ಸಲ ಎದ್ದು ಹೊದಿಸುವ ಕೆಲಸ ತಾಯಿಗೆ ತಪ್ಪುತ್ತದೆ. ಆದರೆ ನಮ್ಮ ಅಂಗಡಿಗಳಲ್ಲಿ ಬೇಬಿ ಸ್ಲೀಪಿಂಗ್ ಬ್ಯಾಗೆಂದು ನಾಮಕರಣಕ್ಕೆ ಕೊಳ್ಳುವ, ಟೋಪಿ ಹೊಲಿದ ದಪ್ಪ ಮೆತ್ತೆ ಇದಲ್ಲ. ಅದು ರಗ್ಗಿನ ತಂಗಿ!

ದುಡ್ಡು ಸುರಿಯಬೇಕಾಗಿಲ್ಲ. ಹಳೆಯ ಹತ್ತಿ ಸೀರೆ, ಪಂಚೆ ಕೊಟ್ಟರೆ ಬೀದಿಯ ಟೈಲರೇ ಹೊಲಿದುಕೊಡುತ್ತಾರೆ. ಕೊರಳು ತಲೆಯೊಳಗೆ ಜಾರದಷ್ಟು ಕಿರಿದಿರಲಿ, ತೋಳುಗಳು ಹೊರಗಿರಲಿ, ಕಾಲು ಮಡಿಸಿ ಆಡಲು ಕೆಳಗೆ ಅಗಲವಿರಲಿ. ದಾರ, ಲಾಡಿ, ಟೋಪಿ ಬೇಡ. ಬೇಸಿಗೆಯಲ್ಲಿ ಒಂದು ತೆಳು ಅಂಗಿಯೇ ಸಾಕು. ಗದ್ದೆ, ಕಬ್ಬು, ನಾಲೆಯ ನಡುವಿನ ನಮಗೆ ಚಳಿಗಿಂತ ಸೊಳ್ಳೆಯೇ ದೊಡ್ಡ ಶತ್ರು. ಅದಕ್ಕೆ ಪರದೆ ಕಟ್ಟಿ. ಕೈಕಾಲು ತಣ್ಣಗಿದೆಯೆಂದು ಗಾಬರಿ ಬೇಡ, ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬಟ್ಟೆ ಸುತ್ತಿ ಮಲಗಿಸುವ ರೂಢಿಯನ್ನು ಕೂಸು ಬೋರಲು ಬೀಳಲು ಹವಣಿಸಿದ ದಿನವೇ ನಿಲ್ಲಿಸಿ. ತೂಕ ಕಡಿಮೆಯ, ದಿನ ತುಂಬದೆ ಹುಟ್ಟಿದ ಕೂಸಿನ ಮಾತು ಬೇರೆ, ಅಲ್ಲಿ ಡಾಕ್ಟರ ಮಾತು ಕೇಳಬೇಕು.

ಈ ಮಾತೆಲ್ಲ ಇಂದಿನ ಹುಡುಗಿಯರಿಗೆ ತಿಳಿಯದೆಂದಲ್ಲ. ನಮ್ಮ ಶಾಲೆಗಳಲ್ಲೇ ಓದಿದವರು, ನರ್ಸಮ್ಮ ಹೇಳಿದ್ದನ್ನು ಕಿವಿಗೊಟ್ಟು ಕೇಳಿದವರು. ಆದರೆ ಹೆತ್ತ ಕೂಸಿನ ಮೇಲಿನ ರಗ್ಗು ತೆಗೆಯುವ ಅಧಿಕಾರ ಅವರಿಗಿಲ್ಲ. ತೆಗೆದರೆ "ನೆಗಡಿ ಆದ್ರೆ ನೀನೇ ಹೊಣೆ" ಎಂಬ ಮಾತು. ಆಮೇಲೆ ಕೂಸು ಒಂದು ಸೀನು ಸೀನಿದರೂ ಅಪರಾಧಿ ಅವಳೇ. ಕೂಸಿಗೆ ಉಸಿರಿನ ಪ್ರಶ್ನೆ, ನಮಗೆ ಮಾತು ಯಾರದು ನಡೆಯಬೇಕೆಂಬ ಪ್ರಶ್ನೆ!

ಆದ್ದರಿಂದ ನಾನು ಹೇಳುತ್ತಿರುವುದು ಬಾಣಂತಿಯರಿಗಲ್ಲ, ನನ್ನ ವಯಸ್ಸಿನ ಅತ್ತೆಯರಿಗೆ, ಅಮ್ಮಂದಿರಿಗೆ. ಈ ರಾತ್ರಿ ಆ ರಗ್ಗನ್ನು ನೀವೇ ತೆಗೆದು ಮಡಿಸಿಡಿ. ನೀವು ತೆಗೆದರೆ ಮನೆಯಲ್ಲಿ ಯಾರೂ ಎದುರು ಮಾತಾಡುವುದಿಲ್ಲ.